ಎಡ್ನಾಳ ಕೈಗೆ ಬಂದ ಚುಕ್ಕಾಣಿ

“ನೋಡು ಎಡ್ನಾ, ಕಾರು ಓಡಿಸೋದು ಬೇರೆ, ದೋಣಿ ನಡೆಸೋದು ಬೇರೆ. ಲಾಕಿನ ಎರಡು ಗೋಡೆ ನಡುವೆ ಇದನ್ನ ತೂರಿಸೋದು ಅಂದ್ರೆ ಸೂಜಿಗೆ ದಾರ ಪೋಣಿಸಿದ ಹಾಗೆ. ಅದೂ ಹತ್ತೊಂಬತ್ತು ಗಜದ ಕಬ್ಬಿಣದ ದಾರ. ನಮ್ಮಜ್ಜ ಇದೇ ಕಾಲುವೇಲಿ ಕಲ್ಲಿದ್ದಲು ಸಾಗಿಸ್ತಿದ್ರು. ಈ ಕೈಗೆ ಅದು ರಕ್ತದಲ್ಲೇ ಬಂದಿದೆ. ನಿಂಗೇನು ಕಷ್ಟ ಹೇಳು? ದಡಕ್ಕಿಳಿದು ತೂಬು ತಿರುವಿ, ನೀರು ತುಂಬಿಸಿ, ದೋಣಿ ಮೇಲಕ್ಕೆ ಬಂದ ಮೇಲೆ ಬಾಗಿಲು ತಳ್ಳಿದ್ರೆ ಆಯ್ತು. ಒಳ್ಳೇ ವ್ಯಾಯಾಮ. ಪಟ್ಟಣದ ಹೆಂಗಸರು ಇದಕ್ಕೆ ದುಡ್ಡು ಕೊಟ್ಟು ಹೋಗ್ತಾರೆ.”

ಹ್ಯೂಬರ್ಟ್ ಈ ಉಪನ್ಯಾಸ ದಯಪಾಲಿಸುತ್ತಿದ್ದಾಗ ಅವನ ಧರ್ಮಪತ್ನಿ ಎಡ್ನಾ ಆನೆ ತೂಕದ ಲಾಕಿನ ಬಾಗಿಲಿಗೆ ಬೆನ್ನು ಕೊಟ್ಟು ನೂಕುತ್ತಿದ್ದಳು. ಲಾಕೆಂದರೆ ಕಾಲುವೆಗೆ ಕಟ್ಟಿದ ನೀರಿನ ಮೆಟ್ಟಿಲು: ಎರಡು ಬಾಗಿಲ ನಡುವಿನ ತೊಟ್ಟಿಗೆ ನೀರು ತುಂಬಿಸಿ ದೋಣಿಯನ್ನು ಏರಿಸುವುದು, ಬಸಿದು ಇಳಿಸುವುದು. ಮದುವೆಯಾದಂದಿನಿಂದ ಪ್ರತಿ ಬೇಸಿಗೆ ರಜೆಯೂ ಇದೇ ಹಾಡು. ಅವನು ಚುಕ್ಕಾಣಿ ಹಿಡಿದು ಪೈಪು ಸೇದುವುದು, ಇವಳು ಇಂಗ್ಲೆಂಡಿನ ನೀರನ್ನೆಲ್ಲ ಏರಿಸಿ ಇಳಿಸುವುದು.

ಆವತ್ತು ಎಡ್ನಾ ಬಾಗಿಲು ನೂಕುವ ದಿಮ್ಮಿಯ ಮೇಲೆ ಕೂತೇಬಿಟ್ಟಳು. ಚುಕ್ಕಾಣಿ ಕೊಟ್ಟರೆ ಮಾತ್ರ ಏಳುವುದು ಎಂದಳು. ಹಿಂದೆ ಎರಡು ದೋಣಿ ಬಂದು ನಿಂತು ಗೊಣಗತೊಡಗಿದವು. ಹ್ಯೂಬರ್ಟ್ ಷರತ್ತು ಹಾಕಿದ: ಮುಂದಿನ ಎರಡು ಲಾಕು ದಾಟುವತನಕ ದೋಣಿ ಎಲ್ಲೂ ಗೋಡೆಗೆ ತಾಗಕೂಡದು. ಗೆದ್ದರೆ ಚುಕ್ಕಾಣಿ ಅವಳದೇ. ತಾಗಿತೋ, ಈ ಜನ್ಮದಲ್ಲಿ ಆ ಮಾತು ಎತ್ತಕೂಡದು.

ಮೊದಲ ಲಾಕಿನ ಪಕ್ಕ ಪಬ್ಬು. ದೋಣಿಗಳು ಗೋಡೆಗೆ ಗುದ್ದುವುದನ್ನು ನೋಡಿ ನಗಲೆಂದೇ ಜನ ಬಿಯರು ಹಿಡಿದು ಕೂತಿದ್ದರು. ಎಡ್ನಾ ಹೆದರಲಿಲ್ಲ. ಚುಕ್ಕಾಣಿಯ ಗುಟ್ಟೆಂದರೆ ಎಡಕ್ಕೆ ಹೋಗಬೇಕಾದರೆ ಬಲಕ್ಕೆ ತಳ್ಳಬೇಕು. (ಇಷ್ಟು ವರ್ಷ ಗಂಡನನ್ನು ಅವಳು ನಡೆಸಿಕೊಂಡು ಬಂದದ್ದೂ ಹಾಗೆಯೇ.) ದೋಣಿಗೆ ಅತ್ತೆಯ ಹೆಸರು, ಅಗಾಥಾ. ಅಂಥ ಅಗಾಥಾ ಆವತ್ತು ಸೊಸೆಯ ಮಾತು ಕೇಳಿ, ಬೆಣ್ಣೆಯೊಳಗೆ ಚಾಕು ಇಳಿದಂತೆ ಒಳಹೊಕ್ಕಳು. ಮೇಲೇರಿ ಹೊರಬಂದಾಗ ಜನ ಚಪ್ಪಾಳೆ ತಟ್ಟಿದರು. ಎಡ್ನಾ ಮಹಾರಾಣಿಯ ಹಾಗೆ ಕೈ ಬೀಸಿದಳು. ಬೀಸುತ್ತಲೇ ಮುಂದೆ ಹೋದಳು. ಬಾಗಿಲು ಮುಚ್ಚುತ್ತಿದ್ದ ಗಂಡ ದಡದಲ್ಲೇ ಉಳಿದ.

ದೋಣಿಯದು ನಡಿಗೆಯ ವೇಗ. ಹ್ಯೂಬರ್ಟ್ ದಡದ ಕಾಲುದಾರಿಯಲ್ಲಿ ಅವಳ ಸಮಕ್ಕೇ ನಡೆದುಬಂದ. ಮುಂದೆ ಸೇತುವೆ, ಅದರ ಕೆಳಗೆ ಕಾಲುವೆ ಕಿರಿದು.

“ಅಲ್ಲಿ ದಡಕ್ಕೆ ಒತ್ತಿ ಬಾ ಮಾರಾಯ್ತಿ, ಹತ್ಕೊಳ್ತೀನಿ.”

“ಒತ್ತಿದ್ರೆ ಗೋಡೆಗೆ ತಾಗತ್ತೆ ರೀ.”

“ತಾಗ್ಲಿ ಬಿಡು.”

“ಹ್ಞಾಂ, ಆಮೇಲೆ ನಾನು ಸೋತೆ ಅನ್ನೋಕೆ.”

“ಸೊಂಟ ಹಿಡ್ಕೊಂಡಿದೆ ಕಣೇ.”

“ನಡೀರಿ. ಒಳ್ಳೇ ವ್ಯಾಯಾಮ.”

ಅಗಾಥಾ ನಟ್ಟನಡುವೆ ಸಾಗಿದಳು. ಮುಂದಿನ ಸೇತುವೆಯಲ್ಲೂ ಅದೇ ವಾದ, ಅದೇ ತೀರ್ಪು. ನಾಯಿ ಹಿಡಿದ ಮುದುಕಿಯೊಬ್ಬಳು ಇಬ್ಬರನ್ನೂ ಹಿಂದೆ ಹಾಕಿ ಹೋದಳು, ಕಿವಿ ಮಾತ್ರ ಇವರ ಕಡೆಗೇ ಬಿಟ್ಟು.

ಎರಡನೆಯ ಲಾಕಿನಲ್ಲಿ ಹ್ಯೂಬರ್ಟ್ ತೂಬು ತಿರುವಿದ, ಬಾಗಿಲು ನೂಕಿದ, ಬೆವರಿದ. ಗೋಡೆಗೆ ಒಂದು ಗೀರೂ ಬೀಳಲಿಲ್ಲ. ಈ ಸಲ ಎಡ್ನಾ ಕಾದು ಅವನನ್ನು ಹತ್ತಿಸಿಕೊಂಡಳು. ಅವನು ಟೋಪಿ ತೆಗೆದು, ಸೋತೆ, ಇನ್ನು ಚುಕ್ಕಾಣಿ ನಿನ್ನದೇ ಎಂದ. ಎಡ್ನಾಳ ತಲೆ ಮೋಡಕ್ಕೆ ತಾಗಿತು. ತಾಗಿದ್ದಕ್ಕೇ ಇರಬೇಕು, ಮಳೆ ಹಿಡಿಯಿತು.

ಅಲ್ಲಿಂದ ಮುಂದೆ ಸಂಜೆತನಕ ಒಂದೂ ಲಾಕಿಲ್ಲ. ದಡದವರಿಗೆ ಕೆಲಸವಿಲ್ಲ. ಹ್ಯೂಬರ್ಟ್ ಒಳಗೆ ಒಲೆ ಹೊತ್ತಿಸಿ, ಚಹಾ ಸೋಸಿ, ಕಾಲು ಚಾಚಿದ. ಚುಕ್ಕಾಣಿ ಹಿಡಿದವರಿಗೆ ಮಾತ್ರ ಸೂರಿಲ್ಲ.

“ಸಾಕು ಬಾ, ನಾನು ಹಿಡೀತೀನಿ,” ಎಂದು ಅವನು ಬಾಗಿಲ ಸಂದಿಯಿಂದ ಕೂಗಿದ. ದನಿಯಲ್ಲಿ ಕರುಣೆಯಿತ್ತು. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

“ಬೇಡ ರೀ. ಹವಾ ತಂಪಾಗಿದೆ.”

ಎದುರಿನಿಂದ ಬಂದ ದೋಣಿಯವನೂ ತೊಯ್ದು ತೊಪ್ಪೆಯಾಗಿದ್ದ. ಒಬ್ಬ ನಾಯಕ ಇನ್ನೊಬ್ಬ ನಾಯಕನಿಗೆ ಮಾಡುವಂತೆ ಹಣೆಗೆ ಬೆರಳು ಮುಟ್ಟಿಸಿದ. ಎಡ್ನಾ ಮೂಗಿನ ತುದಿಯ ಹನಿಯನ್ನೂ ಒರೆಸಿಕೊಳ್ಳದೆ ಹಾಗೇ ಮಾಡಿದಳು.

ರಾತ್ರಿಯೂಟಕ್ಕೆ ಆಲೂಗಡ್ಡೆ ಎಷ್ಟು ಎಂದು ಒಳಗಿನಿಂದ ಪ್ರಶ್ನೆ ಬಂತು. ಆರು, ಸಿಪ್ಪೆ ತೆಳ್ಳಗೆ ಹೆರೆಯಿರಿ ಎಂದು ಹೊರಗಿನಿಂದ ಅಪ್ಪಣೆಯಾಯಿತು. ಹ್ಯೂಬರ್ಟ್ ಒಲೆಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು, ಮೊದಲನೆಯದನ್ನು ಹೆರೆಯತೊಡಗಿದ.