ಎಣ್ಣಿ ಹಚ್ಚಿದ ಪರಸಿ ಮ್ಯಾಲ ನನ್ನ ಆಕಾಶನೌಕೆ

ಆಕಾಶನೌಕೆ ಹೆಂಗ ಓಡ್ತದ ಅನ್ನೋದು ಶಹಾಬಾದಿನಾಗ ನನ್ನಷ್ಟು ತಿಳಿದವರು ಯಾರೂ ಇಲ್ಲ ಅಂತ ಮೊನ್ನೆ ಮೊನ್ನೆ ತನಕ ನಂಬಿದ್ದೆ. ಸಾಲಿ ಕಲಿಯೋವಾಗ ವಾಡಿ ಟೇಶನ್ನಿನ ಬೆಂಚಿನ ಮ್ಯಾಲ ಪ್ಯಾಸೆಂಜರ್ ಗಾಡಿ ಕಾಯ್ತಾ ಆಕಾಶನೌಕೆ ಕಥಿ ಓದಿ ಬೆಳದವ ನಾ. ಬೆಳಕಿಗಿಂತ ಜೋರು ಓಡೋ ನೌಕೆ ನನಗ ಸೇರ್ತಿರಲಿಲ್ಲ, ಅದು ಬರೀ ಬಂಡಲ್. ಸಾವಕಾಶ ಹೋಗೋವು ಖರೆ ಅನಸ್ತಿದ್ವು. ಕೆಲವು ಸೂರ್ಯನ ಬೆಳಕಿಗೆ ಹಾಯಿ ಬಿಚ್ಚತಿದ್ವು, ಕೆಲವು ಹಿಂದ ಬಾಂಬ್ ಸಿಡಿಸಿ ಮುಂದ ಜಿಗೀತಿದ್ವು, ಉಳಿದವು ಬಿಸಿ ಗಾಳಿ ಹಿಂದಕ್ಕ ಉಗುಳಿ ಮುಂದ ಹೋಗ್ತಿದ್ವು. ಆಹಾ, ಎಂಥಾ ದಿವಸ ಇದ್ವು ಅವು!

ಒಂದಿನ ವಿಜ್ಞಾನದ ಮಾಸ್ತರರು ನನ್ನ ನೌಕೆ ಚಿತ್ರ ನೋಡಿ, "ಇದು ಮುಂದ ಹೆಂಗ ಹೋಗ್ತದಲೇ?" ಅಂದ್ರು. ಹೆದರಿಕಿಗೆ ಎಲ್ಲಾ ಮರತು, "ಪೆಟ್ರೋಲ್ ಹಾಕಿರಿ ಸರ್" ಅಂದೆ. ಇಡೀ ಕ್ಲಾಸು ನಕ್ಕಿತು. ಅವರ ಬಾಯಿಂದ ಒಮ್ಮೆರ 'ಭೇಷ್' ಅನಿಸ್ಕೋಬೇಕು ಅನ್ನೋದು ಆವತ್ತಿಂದ ನನ್ನ ಜೀವದ ಆಸೆ.

ಈ ವರ್ಷ ನಮ್ಮ ಬ್ಯಾಚಿನವರು ಹಳೇ ಸಾಲ್ಯಾಗ ಗುರುವಂದನಾ ಇಟ್ಕೊಂಡ್ರು. ಮಾಸ್ತರರು ಬರ್ತಾರ! ಅದೇ ಬ್ಯಾಚಿನ ಗೆಳೆಯ ಬಸಣ್ಣನ ವೆಲ್ಡಿಂಗ್ ಅಂಗಡ್ಯಾಗ ನೌಕೆ ಮಾಡಿಸಿದೆ: ಕೆಳಗ ಬೇರಿಂಗ್ ಗಾಲಿ, ಸುತ್ತ ತಗಡು, ಒಳಗ ಬೆಂಕಿ ಆರಿಸೋ ಪುಡಿಯ ಸಿಲಿಂಡರ್. ಪುಡಿ ಹಿಂದಕ್ಕ, ನಾ ಮುಂದಕ್ಕ!

"ಮಮ್ಮಕ್ಕಳು ಆಡೋ ಹೊತ್ತಿನಾಗ ನೀವು ಆಡ್ಲಿಕತ್ತೀರಿ. ಟೊಂಕ ಮುರಕೊಂಡ್ರ ನನ್ನ ಕರೀಬ್ಯಾಡ್ರಿ" ಅಂದ್ಲು ಹೆಂಡತಿ.

"ವಿಜ್ಞಾನದಾಗ ಟೊಂಕದ ಪ್ರಶ್ನೆ ಉದ್ಭವಿಸುವುದಿಲ್ಲ" ಅಂತ ಗಂಭೀರವಾಗಿ ಹೇಳಿದೆ.

ಸ್ಟೇಜಿಗೆ ನಮ್ಮೂರ ಪರಸಿ ಕಲ್ಲು ಹಾಸ್ಯಾರ. ಗುರುಗಳು ಬರ್ತಾರಂತ ಭಕ್ತಿಯಿಂದ ಅದಕ್ಕ ಎಣ್ಣಿ ಹಚ್ಚಿ, ಕರ್ರಗ ಮಿಂಚಂಗ ತಿಕ್ಕಿಸಿದ ಪುಣ್ಯಾತ್ಮನೂ ನಾನ!

ಪರದೆ ಸರೀತು. ನೌಕೆಯೊಳಗ ಕುಂತು ಸಿಲಿಂಡರಿನ ಹಿಡಿಕಿ ಒತ್ತಿದೆ. ಎಣ್ಣಿ ಪರಸಿ ಮ್ಯಾಲ ಜಾರಿಕೋತ ನೌಕೆ ಹೊಂಟೇಬಿಟ್ಟಿತು! ಎದುರಿನ ತುದಿಗೆ ಕುರ್ಚಿ ಮ್ಯಾಲ ಮಾಸ್ತರರು, ಕೊಳ್ಳಾಗ ಹಾರ. ಅವರ ಮುಂದ ಹೋಗಿ ನಿಂತು ನಮಸ್ಕಾರ ಮಾಡೋದು ನನ್ನ ಯೋಜನೆ. ನಿಲ್ಲೋದು ಹೆಂಗ ಅನ್ನೋದು ಯೋಜನ್ಯಾಗ ಇರಲಿಲ್ಲ.

"ಬ್ರೇಕ್ ಹಾಕೋ!" ಬಸಣ್ಣ ಚೀರಿದ.

"ನೀ ಬ್ರೇಕ್ ಹಚ್ಚೀಯೇನೋ?"

"ನೀ ಹೇಳೇ ಇಲ್ಲಲ್ಲೋ ಮಾರಾಯಾ!"

ಅಯ್ಯೋ ಶರಣಬಸವಾ! ಕಡೀ ಗಳಿಗ್ಯಾಗ ಕಥಿಯೊಳಗ ಓದಿದ್ದು ನೆನಪಾತು. ಆಕಾಶದಾಗ ನಿಲ್ಲಬೇಕಂದ್ರ ಉಗುಳೋ ಬಾಯಿ ಮುಂದಕ್ಕ ತಿರುಗಿಸಬೇಕು. ಸಿಲಿಂಡರಿನ ಪೈಪ್ ಮುಂದಕ್ಕ ತಿರುವಿ ಇದ್ದಷ್ಟೂ ಒತ್ತಿದೆ. ಮಾಸ್ತರರ ಮೊಣಕಾಲು ಮುಟ್ಟೋದ್ರಾಗ ನೌಕೆ ನಿಂತಿತು. ಆದರ ಮಾಸ್ತರರು ಕಾಣವಲ್ಲರು. ಹಾರ ಕಾಣವಲ್ದು. ಓಡಿ ಬಂದ ಬಸಣ್ಣನೂ ಮಾಯ!

ಪುಡಿ ಇಳೀತು. ಮಾಸ್ತರರು ಕೆಮ್ಮಿ, ಚಸ್ಮಾ ಒರೆಸಿ, ಹುಬ್ಬು ಮೀಸಿ ಎಲ್ಲಾ ಬೆಳ್ಳಗಾದ ನನ್ನ ಮಾರಿ ದಿಟ್ಟಿಸಿ ನೋಡಿದ್ರು.

"ಹಿಂದ ಒಗದ್ರ ಮುಂದ ಹೋಗ್ತದ, ಮುಂದ ಒಗದ್ರ ನಿಲ್ತದ. ಬರೋಬ್ಬರಿ ತಿಳಕೊಂಡೀ. ಭೇಷ್!" ಅಂತ ಬೆನ್ನು ಚಪ್ಪರಿಸಿದ್ರು.

ನನ್ನ ಕಣ್ಣಾಗ ನೀರು ಬಂತು. ಮತ್ತ ಅಂದ್ರು: "ನೀ ಸಣ್ಣವ ಇದ್ದಾಗಿಂದಾನೂ ಶಾಣ್ಯಾನೇ ಇದ್ದಿ, ಬಸಣ್ಣಾ!"

ನಾ ಬಾಯಿ ತೆರೆಯೋದ್ರಾಗ, ನನ್ನಷ್ಟೇ ಬೆಳ್ಳಗಾಗಿದ್ದ ಬಸಣ್ಣ ಮುಂದ ಬಂದು ಕೈಮುಗದು, "ಎಲ್ಲಾ ನಿಮ್ಮ ಆಶೀರ್ವಾದರಿ ಸರ್" ಅಂದ. ನಾ ತೆರೆದ ಬಾಯಿ ಮುಚ್ಚಿ, ಸ್ಟೇಜ್ ಒರೆಸ್ಲಿಕ್ಕೆ ಅರಿವಿ ಹುಡುಕಿದೆ.