ಎಂಜಿನ್ನಿಗೆ ವಿಭೂತಿ ಹಚ್ಚಿದ ಮಾವ

ನಮ್ಮ ಮಾವನಷ್ಟು ಜೋಪಾನವಾಗಿ ಕಾರು ಓಡಿಸುವವರು ಬೀದರ್ ಜಿಲ್ಲೆಯಲ್ಲೇ ಸಿಗಲಿಕ್ಕಿಲ್ಲ. ವರ್ಷಗಟ್ಟಲೆ ದಿನಾ ಬೆಳಿಗ್ಗೆ ಸ್ಟೀರಿಂಗ್ ಹಿಡಿದು ಕೂತರೂ ಒಂದು ಕೋಳಿಗೆ ತಾಗಿಸಿದವನಲ್ಲ, ಒಂದು ಹನಿ ಪೆಟ್ರೋಲ್ ಸುಟ್ಟವನಲ್ಲ. ಗುಟ್ಟೇನು ಅಂತೀರಾ? ಕಾರಿನಲ್ಲಿ ಎಂಜಿನ್ ಇರಲಿಲ್ಲ! ಅದು ಬಿಚ್ಚಿದ ಸ್ಥಿತಿಯಲ್ಲಿ ಮನೆಯೊಳಗಿತ್ತು.

ಮಾವ ಎಂದರೆ ನನ್ನ ಅಕ್ಕನ ಗಂಡ. ನಮ್ಮ ಕಡೆ ಹಾಗೇ ಕರೆಯುವುದು. ಮನೆ ಬಸವಕಲ್ಯಾಣದಲ್ಲಿ. ಕಾರು ಅವನಪ್ಪನ ಕಾಲದ ಕಾಂಟೆಸ್ಸಾ. ಉದ್ದನೆಯ ಮೂತಿ, ಹಾಸಿಗೆಯಂಥ ಸೀಟು. ಹುಮನಾಬಾದ್ ರಸ್ತೆಗೆ ಬಂದರೆ ಲಾರಿಗಳೂ ದಾರಿ ಬಿಡುತ್ತಿದ್ದವಂತೆ. ಇದು ಮಾವ ಹೇಳಿದ್ದು, ಲಾರಿಯವರನ್ನು ನಾನು ಕೇಳಿಲ್ಲ.

ಮದುವೆಯ ದಿನ ಅಕ್ಕನನ್ನು ನಮ್ಮೂರು ದುಬಲಗುಂಡಿಯಿಂದ ಕರೆದೊಯ್ದದ್ದು ಅದೇ ಕಾರಿನಲ್ಲಿ. ಅದೇನು ಸಣ್ಣ ಮಾತಲ್ಲ. ಅಕ್ಕನಿಗೆ ಗಾಡಿ ಆಗಿಬರುವುದಿಲ್ಲ. ಬಸ್ಸು, ಜೀಪು, ಟಂಟಂ, ಯಾವುದೇ ಇರಲಿ, ಹತ್ತಿದ ಸ್ವಲ್ಪ ಹೊತ್ತಿಗೆ ವಾಂತಿ. ಒಮ್ಮೆ ಬಾಡಿಗೆ ಜೀಪಿನಲ್ಲಿ ತವರಿಗೆ ಹೊರಟವಳು ಹುಮನಾಬಾದ್ ಮುಟ್ಟುವಷ್ಟರಲ್ಲಿ ಎಚ್ಚರ ತಪ್ಪಿ, ದವಾಖಾನೆಯಲ್ಲಿ ಸಲೈನ್ ಹಚ್ಚಿಸಿಕೊಂಡು ಹಾಗೇ ತಿರುಗಿ ಹೋದಳು. ಕಾಂಟೆಸ್ಸಾದಲ್ಲಿ ಮಾತ್ರ ಅವಳಿಗೆ ಏನೂ ಆಗುತ್ತಿರಲಿಲ್ಲ. ಹಾಗಾಗಿ ಅದರ ಎಂಜಿನ್ ಕೆಟ್ಟ ದಿನವೇ ಅಕ್ಕನ ತವರಿನ ದಾರಿಯೂ ಮುಚ್ಚಿತು.

"ನಾ ನನ್ನ ಕೈಲೇ ಸುಧಾರಸ್ತೀನ್ರಿ ಅತ್ತಿ. ನಿಮ್ಮ ಮಗಳನ್ನ ಇದರಾಗ ಕರಕೊಂಡು ಬರ್ತೀನಿ" ಎಂದು ಮಾವ ನಮ್ಮ ಅವ್ವನಿಗೆ ಮಾತು ಕೊಟ್ಟ. ಮಾತಿಗೆ ತಪ್ಪುವವನಲ್ಲ ನಮ್ಮ ಮಾವ. ಹೊತ್ತಿಗೆ ತಪ್ಪುವವ!

ಆ ಮನೆಗೆ ನೀವು ಊಟಕ್ಕೆ ಹೋಗಬೇಕಿತ್ತು. ಹಿಟ್ಟು ನಾದುವ ಪರಾತದಲ್ಲಿ ಪಿಸ್ಟನ್‌ಗಳು. ಉಪ್ಪಿನಕಾಯಿ ಭರಣಿಯಲ್ಲಿ ಸೀಮೆಎಣ್ಣೆ, ಅದರಲ್ಲಿ ನೆನೆಹಾಕಿದ ವಾಲ್ವುಗಳು. ರೊಟ್ಟಿಗೆ ನೆಂಚಿಕೊಳ್ಳಲು ಭರಣಿಗೆ ಚಮಚ ಹಾಕಿದ ನನಗೆ ಏನು ಸಿಕ್ಕಿತೆಂದು ಬೇರೆ ಹೇಳಬೇಕೇ? ಒಳಕೋಣೆಯಲ್ಲಿ ಕ್ರ್ಯಾಂಕ್‌ಶಾಫ್ಟ್ ಮಂಚದ ಮೇಲೆ ದುಪ್ಪಟಿ ಹೊದ್ದು ಬಾಣಂತಿಯ ಹಾಗೆ ಮಲಗಿತ್ತು. ಅಕ್ಕನ ಚಾಪೆ ನೆಲದ ಮೇಲಿತ್ತು.

"ಇದೇನಕ್ಕಾ ಇದು?"

"ನೆಲದ ಥಂಡಿಗಿ ಜಂಗ್ ಹಿಡೀತದಂತೋ."

"ಮತ್ತ ನಿನಗ?"

"ನನಗೇನು ಜಂಗ್ ಹಿಡೀತದ, ಬಿಡು" ಎಂದು ನಕ್ಕಳು. ಆ ತುಕ್ಕಿನ ಮಾತಿಗೆ ನನಗೆ ನಗು ಬರಲಿಲ್ಲ.

ಬೀಗರು ಬಂದರೆ ಮಾವ ಪಡಸಾಲೆಯಲ್ಲಿ ಕೂರಿಸುತ್ತಿರಲಿಲ್ಲ. ಅಂಗಳದ ಕಾರಿನಲ್ಲಿ ಕೂರಿಸಿ, ಕಿಟಕಿಯಿಂದ ಚಹಾ ಕೊಡಿಸಿ, ತಾನು ಸ್ಟೀರಿಂಗ್ ಹಿಡಿದು ಕೂರುತ್ತಿದ್ದ. "ಸೀಟ ಹ್ಯಾಂಗ ಅದಾವ್ರಿ?" ಎಂದು ಕೇಳಿದ್ದಕ್ಕೆ ಒಬ್ಬ ಹಿರಿಯ ಬೀಗರು, "ಮಸ್ತ್ ಅದಾವ್ರಿ. ಊರು ಯಾವಾಗ ಬರ್ತದ?" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾವನೂ ನಕ್ಕ. ನಕ್ಕು ಗೇರ್ ಬದಲಿಸಿದ!

ಇತ್ತ ದುಬಲಗುಂಡಿಯಲ್ಲಿ ನಮ್ಮ ಅವ್ವ, ಅಕ್ಷರ ಕಲಿಯದವಳು, ಆ ಎಂಜಿನ್ನಿನ ದೆಸೆಯಿಂದ ಅರ್ಧ ಮಿಸ್ತ್ರಿಯಾದಳು. ವಾರಕ್ಕೊಮ್ಮೆ ಅಕ್ಕನ ಫೋನು, ಫೋನಿನಲ್ಲಿ ಒಂದೊಂದು ಹೊಸ ಸಾಮಾನಿನ ಹೆಸರು. ಓಣಿಯ ಹೆಂಗಸರು "ಮಗಳು ಹಬ್ಬಕ್ಕ ಬರಲಿಲ್ಲೇನವಾ?" ಎಂದು ಕೇಳಿದರೆ, ಅವ್ವ ಕಟ್ಟೆಯ ಮೇಲೆ ಕೂತು ಗಂಭೀರವಾಗಿ ಹೇಳುತ್ತಿದ್ದಳು: "ಗ್ಯಾಸ್ಕೆಟ್ ಬಂದಿಲ್ಲ ಯವ್ವಾ. ಅದು ಬಂದ್ರ ಇಕಿ ಬರ್ತಾಳ." ಕೇಳಿದವರು ಗ್ಯಾಸ್ಕೆಟ್ ಅಂದರೆ ಮೊಮ್ಮಗನ ಹೆಸರೇನೋ ಅಂದುಕೊಂಡು ಹೋಗುತ್ತಿದ್ದರು.

ನಾನು ಸಿಟ್ಟಿನಿಂದ ಮಾವನಿಗೆ ಹೇಳಿದೆ: "ಬ್ಯಾರೆ ಕಾರ್ ಮಾಡಿಸಿಕೊಂಡು ನಾನ ಬರ್ತೀನ್ರಿ. ಸಾವಕಾಶ ಕರಕೊಂಡು ಹೋಗ್ತೀನಿ." ಮಾವ ತಲೆ ಎತ್ತಲಿಲ್ಲ. "ಮಂದಿ ಗಾಡ್ಯಾಗ ಅಕಿನ್ನ ಮತ್ತ ಸಲೈನ್ ಹಚ್ಚಸಂಗಿಲ್ಲ ನಾ. ಇನ್ನೇನು, ಆಗೇ ಹೋತು" ಎಂದ. ಅಕ್ಕನೂ ಅವನ ಕಡೆಯೇ. "ಮಾಡಾಕತ್ತಾರಲ್ಲೋ, ತಾಳು" ಎಂದಳು. ಗಂಡ ಹೆಂಡತಿ ಇಬ್ಬರಿಗೂ ಹುಚ್ಚು ಹಿಡಿದರೆ ತಮ್ಮನಾದವನು ಯಾರ ತಲೆಗೆ ಲಿಂಬೆಹಣ್ಣು ತಿಕ್ಕಬೇಕು?

ಕೊನೆಗೆ ಮಾವ ಹುಮನಾಬಾದಿನಿಂದ ಒಬ್ಬ ಮುದುಕ ಮಿಸ್ತ್ರಿಯನ್ನು ಕರೆತಂದ. ಇಬ್ಬರೂ ಸೇರಿ ಎಂಜಿನ್ ಜೋಡಿಸುತ್ತ ಬಂದರು. ಉಳಿದದ್ದು ಎರಡು ಹಲ್ಲಿನ ಗಾಲಿ, ಒಂದು ದೊಡ್ಡದು, ಒಂದು ಸಣ್ಣದು. ಅವು ಸರಿಯಾಗಿ ಕೂತರೆ ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವು ದಾರಿ ಬಿಡುತ್ತದೆ. ತಪ್ಪಿ ಕೂತರೆ ಒಂದಕ್ಕೊಂದು ಹಾಯುತ್ತವೆ. ಮಿಸ್ತ್ರಿ ಎರಡರ ಮೇಲೂ ಸೀಮೆಸುಣ್ಣದಿಂದ ಒಂದೊಂದು ಗೆರೆ ಎಳೆದು, "ಈ ಗೆರಿಗಿ ಆ ಗೆರಿ ಕೂಡಬೇಕ್ರಿ. ನಾ ಶಾದಿ ಮುಗಿಸಿ ಬರೂತನ ಕೈ ಹಚ್ಚಬ್ಯಾಡ್ರಿ" ಎಂದು ಹೇಳಿ ನೆಂಟರ ಮದುವೆಗೆ ಹೋದ.

ಮರುದಿನ ಖಂಡೇ ಪೂಜೆ. ಆ ದಿನ ಕುಡುಗೋಲು, ಕೊಡಲಿ, ಹೊಲಿಗೆ ಮಷೀನು ಎಲ್ಲಕ್ಕೂ ಪೂಜೆಯಾಗುವಾಗ ಎಂಜಿನ್ನೇನು ಪಾಪ ಮಾಡಿತ್ತು? ಮಾವ ಒಂದೊಂದು ಸಾಮಾನನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಭಕ್ತಿಯಿಂದ ಮೂರು ಬೆರಳಿನ ವಿಭೂತಿ ಎಳೆದ. ಹಲ್ಲಿನ ಗಾಲಿಗಳಿಗೂ ಎಳೆದ! ಮಿಸ್ತ್ರಿಯ ಒಂದು ಗೆರೆ ಹೋಗಿ ಮೂರಾದವು.

ಅದೇ ಸಂಜೆ ನಾನು ದುಬಲಗುಂಡಿಯಿಂದ ಫೋನು ಮಾಡಿದೆ. ಹಾಸಿಗೆ ಹಿಡಿದಿದ್ದ ಅವ್ವ ಊಟ ಬಿಟ್ಟಿದ್ದಳು, ನೀರಷ್ಟೇ ಇಳಿಯುತ್ತಿತ್ತು, ಬಾಯಲ್ಲಿ ಅಕ್ಕನ ಹೆಸರೊಂದೇ. ಮಾವ ಮಿಸ್ತ್ರಿಗೆ ಕಾಯಲಿಲ್ಲ. ಬೆಳಗಾಗುತ್ತಲೇ ಗಾಲಿಗಳನ್ನು ಕೈಗೆತ್ತಿಕೊಂಡು, ವಿಭೂತಿಯ ನಡುವಿನ ಗೆರೆಗೆ ನಡುವಿನ ಗೆರೆ ಕೂಡಿಸಿ ಕೂರಿಸಿದ. ಅಕ್ಕ ಸೀರೆ ಬದಲಿಸಿ, ಗಂಟು ಹಿಡಿದು, ಕಾರಿನಲ್ಲಿ ಹೋಗಿ ಕೂತಳು. ಮಾವ ಚಾವಿ ತಿರುಗಿಸಿದ. ಒಳಗೆ ಯಾರೋ ಪಾತ್ರೆ ಒಗೆದ ಹಾಗೆ ಸಪ್ಪಳವಾಗಿ ಎಲ್ಲ ನಿಂತುಹೋಯಿತು.

ತಿರುಗಿ ಬಂದ ಮಿಸ್ತ್ರಿ ಬಿಚ್ಚಿ ನೋಡಿ ಹಣೆ ಹಣೆ ಬಡಿದುಕೊಂಡ. "ಯಾ ಅಲ್ಲಾ! ಪೂಜಾ ಭಾಳ ಜೋರ್ ಮಾಡೀರಿ ಸೌಕಾರ್ರ. ವಾಲ್ವ್ ಎಲ್ಲಾ ಬಗ್ಗಿ ಸಲಾಮ್ ಹೊಡದಾವ!"

ಬೇರೆ ಯಾವಾಗಲಾದರೂ ಆಗಿದ್ದರೆ ನಾನೂ ನಗುತ್ತಿದ್ದೆ. ಆದರೆ ಎಂಜಿನ್ ನಿಂತ ಆ ಬೆಳಿಗ್ಗೆಯೇ ಅವ್ವ ತೀರಿಕೊಂಡಿದ್ದಳು. ಅಕ್ಕ ಜೀಪಿನಲ್ಲೇ ಬಂದಳು. ದಾರಿಯುದ್ದಕ್ಕೂ ಅಲ್ಲಲ್ಲಿ ನಿಲ್ಲಿಸಿ, ಇಳಿಸಿ, ನೀರು ಕುಡಿಸಿ ಕರೆತರುವಷ್ಟರಲ್ಲಿ ಹೊತ್ತು ಮುಳುಗಲು ಬಂದು, ಹಿರಿಯರು ಇನ್ನು ಕಾಯುವಂತಿಲ್ಲವೆಂದು ಮಣ್ಣು ಮಾಡಿಬಿಟ್ಟಿದ್ದರು. ಅವಳಿಗೆ ಅವ್ವನ ಮುಖ ಸಿಗಲಿಲ್ಲ. ನಾನು ಎಲ್ಲರೆದುರು ಮಾವನಿಗೆ ಹೇಳಿದೆ: "ಆ ಕಬ್ಬಿಣದ ಮುಂದ ನಮ್ಮವ್ವ ನಿಮಗ ಏನೂ ಅಲ್ಲ ಆದಳಲ್ರಿ!" ಅಂದಿನಿಂದ ಅವನ ಜೊತೆ ಮಾತು ಬಿಟ್ಟೆ. ಈಗಲೂ ಆ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸು ನನಗಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಅಕ್ಕನ ಫೋನು ಬಂತು. "ಸುರು ಆಗೇದೋ. ಊರಿಗೆ ಹೋಗೂಣು, ನೀನೂ ಬಾ." ಯಾವ ಊರು, ಯಾರಿದ್ದಾರೆ ಅಲ್ಲಿ ಎಂದು ಕೇಳಬೇಕೆನಿಸಿತು. ಕೇಳದೆ ಹೋದೆ. ಹೌದು, ಎಂಜಿನ್ ಶುರುವಾಗಿತ್ತು. ಎಷ್ಟು ಮೆತ್ತಗೆ ಗುರುಗುಡುತ್ತಿತ್ತೆಂದರೆ ನನಗೆ ಇನ್ನೂ ಸಿಟ್ಟು ಬಂತು. ಆಗಲೇ ಹೀಗೆ ಗುರುಗುಡಲು ಏನಾಗಿತ್ತು ಇದಕ್ಕೆ!

ಅಕ್ಕ ಮುಂದೆ, ನಾನು ಹಿಂದೆ. ಮಾವ ಹೆದ್ದಾರಿಯಲ್ಲಿ ಎತ್ತಿನ ಗಾಡಿಯ ನಡಿಗೆಯಲ್ಲಿ ಹೊಡೆದ. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆದು ಬೈದುಕೊಂಡು ಹೋದವು. "ಸ್ವಲ್ಪ ಜೋರ್ ಹೊಡೀರಿ, ಕತ್ತಲಾಗೂದ್ರಾಗ ಮುಟ್ಟೂಣು" ಎಂದೆ, ಮಾತು ಬಿಟ್ಟದ್ದನ್ನು ಮರೆತು. ಮಾವ ಎಡಗೈಯಿಂದ ಅಕ್ಕನ ಕಡೆ ತೋರಿಸಿದ. ಅಕ್ಕ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಗಾಡಿಯಲ್ಲಿ ಅಕ್ಕ ನಿದ್ದೆ ಮಾಡಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹುಮನಾಬಾದ್ ದಾಟಿದೆವು, ಏಳಲಿಲ್ಲ.

ದುಬಲಗುಂಡಿಯಲ್ಲಿ ನಮ್ಮ ಮನೆಯ ಮುಂದೆ ಕಾರು ನಿಂತಿತು. ಮಾವ ಎಂಜಿನ್ ಬಂದ್ ಮಾಡಲಿಲ್ಲ.

"ಊರು ಬಂತಲ್ರಿ. ಬಂದ್ ಮಾಡ್ರಿ" ಎಂದೆ, ಬಾಗಿಲು ತೆರೆಯುತ್ತ.

"ಬಂದ್ ಮಾಡಿದ್ರ ಎಚ್ಚರ ಆಗ್ತಾಳ ತಮ್ಮಾ" ಎಂದ, ಪಿಸುದನಿಯಲ್ಲಿ. "ಎದ್ದ ಕೂಡ್ಲೇ ಬಾಗಿಲ ಕಡಿ ನೋಡಿ ಅವ್ವಾ ಅಂತಾಳ. ಇನ್ನೊಂದೀಟು ಮಲಗಲಿ."

ನಾನು ಇಳಿಯಲಿಲ್ಲ. ಅರ್ಧ ತೆರೆದ ಬಾಗಿಲನ್ನು ಸಪ್ಪಳವಾಗದಂತೆ ಎಳೆದುಕೊಂಡು ಅವನ ಹಿಂದೆ ಸುಮ್ಮನೆ ಕೂತೆ.