ಶನಿವಾರ ಶನಿವಾರ ಕೆಡೂ ಬೆಲ್ಟು

ಯಂತ್ರದ ನಡುಕ ಅಳಿಯೂ ಮೀಟರ್ ಹೆಗಲಿಗೆ ಹಾಕ್ಕೊಂಡು ತಿರುಗಾವಗ ಫಜೀತಿಗೇನೂ ಕಮ್ಮಿ ಇಲ್ಲ ನೋಡ್ರಿ. ಎಂಬತ್ತರ ದಶಕದಾಗ, ನನ್ನ ಹೆಂಡ್ತಿ ಚೊಚ್ಚಲ ಹೆರಿಗಿಗೆ ಖಾನಾಪುರದ ತವರಿಗೆ ಹೋದ ವರ್ಷ ಅಂತೂ ಕೇಳಬ್ಯಾಡ್ರಿ.

೧. ರವಿವಾರ ಪೇಟಿ ಗಿರಣಿ

ಖಾರ ಕುಟ್ಟೂ ಗಿರಣಿ ಠಪ್ ಠಪ್ ಅಂತಿತ್ತು. ನಮ್ಮ ರಿಪೇರಿ ಕಂಪನಿ ಸಾಹೇಬ್ರು ಕಲಿಸಿದ್ದು ಇಷ್ಟ: ಪುಲಿ, ಅಂದ್ರ ಬೆಲ್ಟ್ ತಿರುಗಿಸೂ ಗಾಲಿ, ಸುತ್ತಿಗೊಮ್ಮೆ ಬಡಿದ್ರ ದೋಷ ಪುಲಿದು, ಅದಕ್ಕಿಂತ ಸಾವಕಾಶ ಬಡಿದ್ರ ಬೆಲ್ಟಿಂದು. ತಾಸುಗಟ್ಟಲೆ ಮೀಟರ್ ಹಚ್ಚಿ, "ಬೆಲ್ಟಿನ ಹೊಲಿಗಿ ಎದ್ದೈತ್ರಿ" ಅಂದೆ.

ಮಾಲಕ ಹಣಿ ಹಣಿ ಬಡ್ಕೊಂಡ. "ನನ್ನ ಹೆಂಡ್ತಿ ಎಂಟ ದಿನದಿಂದ ಇದನ್ನ ಹೇಳಾಕತ್ತಾಳ್ರಿ! ಮೀಟರ್ ಬರ್ಲಿ, ಸುಮ್ಮನಿರು ಅಂದಿದ್ದೆ."

ಒಳಗ ಆಕಿ ಕಿಸಕ್ಕನ ನಕ್ಕಳು. ನನಗ ನಗು ಬರಲಿಲ್ಲ. ನನ್ನಾಕಿ ನಗು ಕೇಳಿ ತಿಂಗಳಾಗಿತ್ತು.

೨. ಹೆಂಚಿನ ಕಾರ್ಖಾನಿ

ಕರೀದ ಅಳಿಯ ಅತ್ತಿ ಮನಿಗೆ ಹೆಂಗ ಹೋಗಬೇಕು? ದೇವರು ಖಾನಾಪುರದಾಗ ಒಂದು ಹೆಂಚಿನ ಕಾರ್ಖಾನಿ ಇಟ್ಟಿದ್ದ. ಅಲ್ಲಿ ಬೆಲ್ಟ್ ರಿಪೇರಿ ಮಾಡಿದಾಗೊಮ್ಮೆ ಅದನ್ನ ಬಿಗಿ ಹಿಡಿಯೂ ಬೋಲ್ಟ್ ಒಂದು ಸುತ್ತು ಸಡ್ಲ ಬಿಟ್ಟು ಬರ್ತಿದ್ದೆ. ಶನಿವಾರಕ್ಕ ಬೆಲ್ಟ್ ಜಾರ್ತಿತ್ತು, ನಾ ಹಾಜರ್! "ಇಲ್ಲೇ ಕಾರ್ಖಾನಿ ಬೆಲ್ಟ್ ಕೆಟ್ಟಿತ್ರಿ" ಅಂತ ಅತ್ತಿ ಮನಿ ಚಾ ಕುಡದು, ನನ್ನಾಕೀನ್ನ ಎರಡು ಮಿನಿಟು ನೋಡಿ, ಬೋಲ್ಟಿನ ಗುಟ್ಟು ಆಕಿಗಷ್ಟ ಹೇಳಿ ಬರ್ತಿದ್ದೆ.

ಒಂದಿನ ಸಾಹೇಬ್ರು ರಜಿಸ್ಟರ್ ತಗದ್ರು. "ಪುಲಿ ದೋಷ ಮಿನಿಟಿಗೆ ನೂರಾರು ಸಲ ಬಡೀತೈತಿ. ಬೆಲ್ಟಿಂದು ಅದಕ್ಕಿಂತ ಕಮ್ಮಿ. ವಾರಕ್ಕೊಮ್ಮೆ, ಬರೋಬ್ಬರಿ ಶನಿವಾರ ಬಡಿಯೂ ದೋಷ ಯಾರ್ದೋ ತಮ್ಮಾ?"

ನಾ ತಲಿ ತಗ್ಗಿಸಿದೆ.

"ಬೋಲ್ಟ್ ಪೂರಾ ಬಿಗಿ ಮಾಡು. ನಾಕು ದಿನ ರಜಾ ತಗೊಂಡು ಹೆಂಡ್ತಿ ಕಡೆ ಹೋಗು. ನಿನ್ನ ನಡುಕ ಮೊದಲು ನಿಲ್ಲಲಿ!"

೩. ಅತ್ತಿ ಮನಿ

ಬಾಗಿಲದಾಗ ಅತ್ತಿ ಹುಬ್ಬು ಏರಿಸಿದ್ರು. "ಇವತ್ತ ಬುಧವಾರ! ಬೆಲ್ಟಿಗೇನಾತ್ರಿ?"

"ಬೆಲ್ಟ್ ಬರೋಬ್ಬರಿ ಐತ್ರಿ" ಅಂದೆ.

ಅತ್ತಿ ಚಾ ಮಾಡಾಕ ಹೋದ್ರು. ಚೀಲದಾಗ ಬೇರಿಂಗ್ ಸಪ್ಪಳ ಕೇಳೂ ನಳಗಿ ಇತ್ತು, ಡಾಕ್ಟರ್ ಎದಿಗೆ ಹಚ್ಚಿ ಕೇಳೂವಂಥಾದ್ದು. ಅದರ ಕಬ್ಬಿಣದ ಕಡ್ಡಿ ಬಿಚ್ಚಿಟ್ಟು, ನನ್ನಾಕಿ ಹೊಟ್ಟಿಗೆ ಹಚ್ಚಿದೆ. ಎರಡು ಬಡಿತ! ಒಂದು ಸಾವಕಾಶ, ಇನ್ನೊಂದು ಅದರ ದುಪ್ಪಟ್ಟು ಜೋರ. ಕಣ್ಣು ತುಂಬಿ ಬಂದ್ವು. ಇಷ್ಟು ದಿನ ಇದನ್ನ ಬಿಟ್ಟು ಊರ ಮಂದಿ ಗಿರಣಿ ಕೇಳ್ಕೋತ ಹೊಂಟಿದ್ನಲ್ಲ!

"ಅಳಿಯಂದ್ರ! ನನ್ನ ಮಗಳೇನು ಹೆಂಚಿನ ಮಶೀನ್ ಏನ್ರಿ?" ಚಾ ಹಿಡದು ಅತ್ತಿ ನಿಂತಿದ್ರು.

ಗಾಬರಿಯಾಗಿ ಬಾಯಿಗೆ ಬಂದದ್ದು ಅಂದೆ: "ಸಣ್ಣ ಪುಲಿ ಜೋರ ತಿರಗಾಕತ್ತೈತ್ರಿ!"

ನನ್ನಾಕಿ ಬಿದ್ದು ಬಿದ್ದು ನಕ್ಕಳು. ಅತ್ತಿ ನಳಗಿ ಕಸ್ಕೊಂಡು ತಾವ ಕಿವಿಗೆ ಇಟ್ಕೊಂಡ್ರು. ಬಾಳೊತ್ತು ಕೇಳಿದ್ರು. ಸೆರಗಿಲೆ ಕಣ್ಣು ಒರಿಸ್ಕೊಂಡು, ಮಾರಿ ಬಿಗಿ ಮಾಡಿ ಅಂದ್ರು:

"ಇದನ್ನ ವಾರಾ ವಾರಾ ನೋಡಬೇಕಾಗ್ತದ. ಶನಿವಾರ ಬರ್ರಿ. ಪಾಪ, ಆ ಕಾರ್ಖಾನಿ ಬೋಲ್ಟಿನ ಗೊಡವಿಗೆ ಮಾತ್ರ ಹೋಗಬ್ಯಾಡ್ರಿ."